ಪಂಚಾಯ್ತಿ ಟ್ರೇ ಇಲ್ಲದ ಮಿಷಿನ್ನು

ಬಂಗಾರಪೇಟೆಯಲ್ಲಿ ನಮ್ಮ ಬೀದಿಯ ಹುಡುಗಿಯರು, ಐಟಿಐ ಮುಗಿಸಿದವರು, ಡಿಪ್ಲೊಮಾ ಅರ್ಧಕ್ಕೆ ಬಿಟ್ಟವರು, ಆಗಾಗ ಮನೆಗೆ ಬಂದು ಒಂದೇ ಪ್ರಶ್ನೆ ಕೇಳುತ್ತಾರೆ. "ಆಂಟಿ, ಎಲ್ಲಾ ಕಡೆ ಎಐ ಬಂದ್ಬಿಟ್ಟೈತಂತೆ. ಯಾವ ಕೋರ್ಸ್ ಮಾಡಿದ್ರೆ ಕೆಲ್ಸ ಉಳೀತದೆ?" ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಆ ಮಕ್ಕಳ ಮೇಲಲ್ಲ. ಕೆಲಸ ಹೋದರೆ ಅದು ತಮ್ಮದೇ ತಪ್ಪು, ತಾವು ಕಲಿಯದೆ ಇದ್ದದ್ದೇ ಕಾರಣ ಎಂದು ಈಗಿನಿಂದಲೇ ಅವರನ್ನು ನಂಬಿಸಿಬಿಟ್ಟಿದ್ದಾರಲ್ಲ, ಹಾಗೆ ನಂಬಿಸಿದವರ ಮೇಲೆ. ಕಲಿತವರಿಗೆ ಏನಾಯಿತು ಅನ್ನುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅದನ್ನೇ ಬರೆಯುತ್ತೇನೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾರು ಹಾರ ಹಾಕಿದರು ಅನ್ನುವುದರಿಂದ ಯಾರಿಗೂ ಉಪಯೋಗವಿಲ್ಲ, ಅದನ್ನು ಬಿಡುತ್ತೇನೆ.

ನಾನು ಕೆಲಸ ಮಾಡಿದ್ದು ಊರಾಚೆಯ ಒಂದು ಕಾರ್ಖಾನೆಯಲ್ಲಿ. ಹೆಸರು ಬೇಡ. ಮೋಟರ್ ಬೈಕಿನ ಎಂಜಿನ್ನಿಗೆ ಹಾಕುವ ಆಯಿಲ್ ಸೀಲ್ ಅಲ್ಲಿ ತಯಾರಾಗುತ್ತದೆ. ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡ ಕಪ್ಪು ರಬ್ಬರ್ ಬಳೆ ಅಂದುಕೊಳ್ಳಿ. ಅದರ ಒಳಗಿನ ತೆಳು ಅಂಚೇ ಅದರ ಜೀವ. ಅಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಎಂಜಿನ್ ಆಯಿಲ್ ಸೋರುತ್ತದೆ. ಪಕ್ಕದ ಶೆಡ್ಡಿನಲ್ಲಿ ಗಂಡಸರು ಬಿಸಿ ಪ್ರೆಸ್ಸುಗಳ ಮುಂದೆ ಬೆವರು ಸುರಿಸಿ ಅದನ್ನು ಅಚ್ಚು ಹಾಕುತ್ತಿದ್ದರು. ಇತ್ತ ಉದ್ದನೆಯ ಮೇಜಿನ ಮುಂದೆ ಟ್ಯೂಬ್‌ಲೈಟಿನ ಕೆಳಗೆ ಹೆಂಗಸರಾದ ನಾವು ಒಂದೊಂದೇ ಪೀಸು ಕೈಗೆತ್ತಿಕೊಂಡು ಒಳ್ಳೆಯದೋ ಕೆಟ್ಟದ್ದೋ ನೋಡುತ್ತಿದ್ದೆವು. ಅದಕ್ಕೆ ಇನ್ಸ್‌ಪೆಕ್ಷನ್ ಅಂತ ಹೆಸರು. ಕೊನೆಕೊನೆಗೆ ನಾನೇ ಆ ಸೆಕ್ಷನ್ನಿನ ಸೂಪರ್‌ವೈಸರ್ ಆಗಿದ್ದೆ.

ನನಗೆ ಕೆಲಸ ಕಲಿಸಿದವರು ಸುಬ್ರಮಣಿ ಸಾರ್. ಕೋರಮಂಡಲ್‌ನಲ್ಲಿ ಚಿನ್ನದ ಗಣಿಯ ವರ್ಕ್‌ಶಾಪಿನಲ್ಲಿದ್ದವರು, ಗಣಿ ಮುಚ್ಚಿದ ಮೇಲೆ ನಮ್ಮಲ್ಲಿಗೆ ಬಂದರು. ಮುಂಗೋಪಿ. ಮೊದಲ ದಿನ ನನ್ನ ಕೈಗೆ ಒಂದು ಸೀಲ್ ಕೊಟ್ಟು ಹೇಗಿದೆ ಅಂದರು. ತಿರುಗಿಸಿ ತಿರುಗಿಸಿ ನೋಡಿ, ಚೆನ್ನಾಗಿದೆ ಸಾರ್ ಅಂದೆ. ಅವರು ಅದನ್ನು ಹೆಬ್ಬೆರಳ ಮೇಲೆ ಬಗ್ಗಿಸಿದರು. ಅಂಚಿನಲ್ಲಿ ಬಿರುಕು ಬಾಯಿ ಬಿಟ್ಟಿತು. "ಎನ್ನಮ್ಮಾ, ಬರೀ ಕಣ್ಣು ನಂಬ್ಕೊಂಡು ಕೂತ್ರೆ ಎಂಗೆ? ಬೆರಳಲ್ಲಿ ನೋಡಮ್ಮಾ" ಅಂತ ತಮ್ಮ ತಮಿಳು ಬೆರೆತ ಕನ್ನಡದಲ್ಲಿ ಬೈದರು. ಅವತ್ತು ಮನೆಗೆ ಹೋಗಿ ಅತ್ತುಬಿಟ್ಟೆ. ಒಂದು ತಿಂಗಳಲ್ಲಿ ನನ್ನ ಬೆರಳುಗಳಿಗೆ ಬುದ್ಧಿ ಬಂತು.

ನಮ್ಮ ಮೇಜಿನ ಮೇಲೆ ಒಳ್ಳೆಯದಕ್ಕೆ ಒಂದು ಬಿಳಿ ಟ್ರೇ, ಕೆಟ್ಟದ್ದಕ್ಕೆ ಒಂದು ಕೆಂಪು ಟ್ರೇ. ಕಂಪನಿಯ ನಿಯಮದಲ್ಲಿ ಇದ್ದದ್ದು ಅಷ್ಟೇ. ಆದರೆ ಮೂರನೆಯದೊಂದು ಇತ್ತು, ಮೂಲೆ ಒಡೆದ ನೀಲಿ ಟ್ರೇ. ಅದನ್ನು ನಾವು ಪಂಚಾಯ್ತಿ ಟ್ರೇ ಅನ್ನುತ್ತಿದ್ದೆವು. ಯಾವ ಪೀಸಿನ ಬಗ್ಗೆ ಅನುಮಾನ ಬರುತ್ತದೋ ಅದು ಅಲ್ಲಿಗೆ. ಆಗತಾನೇ ಪ್ರೆಸ್ಸಿನಿಂದ ಬಂದ ಬಿಸಿ ರಬ್ಬರಿನ ಮೇಲೆ ಗೆರೆಗಳು ಕಾಣುತ್ತವೆ, ಆರಿದ ಮೇಲೆ ಕೆಲವು ಮಾಯವಾಗುತ್ತವೆ. ಕೆಲವು ಗೆರೆ ಬರೀ ಅಚ್ಚಿಗೆ ಅಂಟದಿರಲಿ ಅಂತ ಹಾಕಿದ ಪೌಡರಿನ ಧೂಳು. ಟೀ ಆದ ಮೇಲೆ ಮೂವರು ಹೆಂಗಸರು ಆ ಟ್ರೇ ಮುಂದೆ ಕೂರುತ್ತಿದ್ದರು. ಬಟ್ಟೆಯಲ್ಲಿ ಒರೆಸಿ, ಬಗ್ಗಿಸಿ, ಒಬ್ಬರಿಗೊಬ್ಬರು ತೋರಿಸಿ, ವಾದ ಮಾಡಿ ತೀರ್ಮಾನ ಹೇಳುವುದು. ಊರ ಸುದ್ದಿಯೆಲ್ಲ ಬಂದುಹೋಗುವುದು ಆ ಹೊತ್ತಿನಲ್ಲೇ.

ಇನ್ನೊಂದು ವಿಷಯವಿದೆ. ಯಾವ ಪ್ರೆಸ್ಸಿನಲ್ಲಿ ಆಗಿದ್ದು ಅನ್ನುವ ನಂಬರು ಪೀಸಿನ ಮೇಲೇ ಅಚ್ಚಾಗಿರುತ್ತದೆ. ಹಾಗಾಗಿ ಅದು ಯಾರ ಕೈಯದು ಅಂತ ನಮಗೆಲ್ಲ ಗೊತ್ತು. ಕೆಂಪು ಟ್ರೇಗೆ ಬಿದ್ದದ್ದೆಲ್ಲ ಆ ಮನುಷ್ಯನ ಲೆಕ್ಕಕ್ಕೆ. ಹೆಚ್ಚಾದರೆ ವಾರ್ನಿಂಗ್, ವಾರ್ನಿಂಗ್ ಹೆಚ್ಚಾದರೆ ಪ್ರೆಸ್ ಬಿಡಿಸಿ ಲಾರಿಗೆ ಲೋಡ್ ಮಾಡುವ ಕೆಲಸ. ಅವರಲ್ಲಿ ಯಾರೋ ನಮ್ಮ ಪಕ್ಕದ ಮನೆಯವರು, ಯಾರೋ ನಾದಿನಿಯ ಗಂಡ. ಅದಕ್ಕೇ ಹೊರಗಿನ ಅಂಚಿನಲ್ಲಿ ಉಳಿದ ಹೆಚ್ಚಿನ ರಬ್ಬರ್ ಕತ್ತರಿಸಿದರೆ ಸರಿಹೋಗುವ ಪೀಸನ್ನು ಕೆಂಪಿಗೆ ಹಾಕದೆ ವಾಪಸ್ಸು ಕಳಿಸುತ್ತಿದ್ದೆವು. "ಮುನಿರಾಜಣ್ಣಾ, ಪಂಚಾಯ್ತಿ ಆಯ್ತು, ನಿಂದೇ ತಪ್ಪು ಅಂತ ಬಂತು, ತಕೋ" ಅಂತ ನಮ್ಮ ಮೇಜಿನ ವಿಜಯ ಶೆಡ್ಡಿನ ಬಾಗಿಲಲ್ಲಿ ನಿಂತು ಕೂಗುವಳು. ಪ್ರೆಸ್ಸಿನ ಮುನಿರಾಜು ಗೊಣಗಿಕೊಂಡೇ ಕತ್ತರಿಸಿ ಕೊಡುವನು. ನಿಜವಾಗಿ ಕೆಟ್ಟದ್ದನ್ನು ನಾವು ಬಿಟ್ಟವರಲ್ಲ. ಸರಿಯಾಗುವಂಥದ್ದಕ್ಕೆ ಒಂದು ಅವಕಾಶ ಕೊಡುತ್ತಿದ್ದೆವು, ಅಷ್ಟೆ. ಮ್ಯಾನೇಜರುಗಳು ಬಂದರು, ಹೋದರು. ಎಲ್ಲರಿಗೂ ಆ ನೀಲಿ ಟ್ರೇ ಗೊತ್ತಿತ್ತು. ಎಲ್ಲರೂ ಕಂಡೂ ಕಾಣದಂತೆ ಇದ್ದರು, ಏಕೆಂದರೆ ಅದರಿಂದ ಅವರಿಗೂ ಲಾಭವಿತ್ತು.

ಪ್ರದೀಪನಿಗಂತೂ ಚೆನ್ನಾಗಿಯೇ ಗೊತ್ತಿತ್ತು. ಇವತ್ತು ಆ ಕಾರ್ಖಾನೆಗೆ ದೊಡ್ಡ ಮ್ಯಾನೇಜರ್ ಆಗಿರುವ ಪ್ರದೀಪ ಟ್ರೈನಿಯಾಗಿ ಸೇರಿದ ಹೊಸದರಲ್ಲಿ ಪ್ರೆಸ್ಸಿನ ಶಾಖವನ್ನು ತಪ್ಪಾಗಿ ಇಟ್ಟುಬಿಟ್ಟ. ಒಂದಿಡೀ ಶಿಫ್ಟಿನ ಮಾಲು ಅರೆಬೆಂದು ಬಂತು. ಮುಟ್ಟಿದರೆ ಅಂಟುತ್ತಿತ್ತು. ಅವನು ನನ್ನ ಮೇಜಿನ ಹತ್ತಿರ ಬಂದು ನಿಂತಾಗ ತುಟಿ ಒಣಗಿಹೋಗಿತ್ತು. "ಅಕ್ಕಾ, ನನ್ನ ಕೆಲಸ ಹೋಗುತ್ತೆ. ಅಪ್ಪಂಗೆ ಏನು ಹೇಳಲಿ" ಅಂದ. ಇದ್ದಬದ್ದ ಟ್ರೇಗಳನ್ನೆಲ್ಲ ಪಂಚಾಯ್ತಿ ಟ್ರೇ ಮಾಡಿದೆವು. ಮಾಲನ್ನು ಓವನ್ನಿಗೆ ಹಾಕಿ ಮತ್ತೆ ಬೇಯಿಸಿದೆವು. ಭಾನುವಾರ ರಜೆಯಲ್ಲಿ ಬಂದು ಕೂತು ಒಂದೊಂದನ್ನೂ ಬಗ್ಗಿಸಿ ನೋಡಿದೆವು. ಮುಕ್ಕಾಲು ಪಾಲು ಉಳಿಯಿತು, ಅವನ ಕೆಲಸವೂ ಉಳಿಯಿತು. ಅವತ್ತು ಮಧ್ಯಾಹ್ನ ಅವನು ವಿಜಯಳ ಡಬ್ಬಿಯಲ್ಲಿದ್ದ ಪುಳಿಯೋಗರೆ ತಿಂದದ್ದು ನನಗೆ ನೆನಪಿದೆ. ಅನ್ನ ಹಾಕಿದ್ದನ್ನು ಆಡಿಕೊಳ್ಳಬಾರದು, ಗೊತ್ತು. ಆದರೆ ಅವನು ಆಡಿಸುತ್ತಾನಲ್ಲ, ಏನು ಮಾಡಲಿ?

ನಾವು ಬದಲಾವಣೆಗೆ ಹೆದರಿದವರಲ್ಲ. ನಾನು ಸೇರಿದಾಗ ಬರಿಗಣ್ಣು. ಆಮೇಲೆ ಸ್ಟ್ಯಾಂಡಿನ ಮೇಲೆ ಭೂತಗನ್ನಡಿ ಬಂತು, ಕಲಿತೆವು. ಕಂಪ್ಯೂಟರಿನಲ್ಲಿ ಎಂಟ್ರಿ ಹಾಕಬೇಕು ಅಂದರು, ಕಲಿತೆವು. ಪ್ರತಿಸಲವೂ ಒಂದು ಟ್ರೈನಿಂಗು, ಒಂದು ಸಮೋಸ, ಬದಲಾವಣೆಗೆ ಹೊಂದಿಕೊಳ್ಳಿ ಅಂತ ಒಂದು ಭಾಷಣ, ಕೊನೆಗೊಂದು ಸರ್ಟಿಫಿಕೇಟು. ನನ್ನ ಬೀರುವಿನಲ್ಲಿ ಸೀರೆಗಿಂತ ಸರ್ಟಿಫಿಕೇಟು ಹೆಚ್ಚಿವೆ. ಭೂತಗನ್ನಡಿ ಬಂದದ್ದು ನಮ್ಮ ಕಣ್ಣಿಗೆ ಸಹಾಯ ಮಾಡಲು, ಸರಿ. ಎಐ ಕ್ಯಾಮೆರಾ ಬಂದಾಗ ಅದನ್ನು ಇಡಲು ಜಾಗ ಬೇಕು ಅಂತ ಮೊದಲು ನಮ್ಮ ಕುರ್ಚಿಗಳನ್ನೇ ಎತ್ತಿಸಿದರು.

ಪ್ರದೀಪ ಎಲ್ಲರನ್ನೂ ನಿಲ್ಲಿಸಿ ಮಾತಾಡಿದ. "ಯಾರ ಕೆಲಸಾನೂ ಹೋಗಲ್ಲ. ಎಐ ಇರೋದು ನಿಮ್ಮ ಸಹಾಯಕ್ಕೆ. ಕಲಿತವರು ಉಳೀತಾರೆ" ಅಂದ. ಯಾರ ಕೆಲಸವೂ ಹೋಗುವುದಿಲ್ಲ ಅಂದಮೇಲೆ ಕಲಿತವರು ಮಾತ್ರ ಯಾಕೆ ಉಳಿಯಬೇಕು ಸಾರ್ ಅಂತ ನಾನು ಕೇಳಿದೆ. ಎಲ್ಲರೂ ನಕ್ಕರು, ಅವನೂ ನಕ್ಕ. 

ಕ್ಯಾಮೆರಾ ತಂದದ್ದು ಬೆಂಗಳೂರಿನ ಬೇರೊಂದು ಕಂಪನಿ. ಅವರ ಎಂಜಿನಿಯರ್ ಕಾರ್ತಿಕ್ ಒಳ್ಳೆಯ ಹುಡುಗ, ನಮ್ಮ ಜೊತೆಯೇ ಕೂತು ಊಟ ಮಾಡುತ್ತಿದ್ದ. ಕ್ಯಾಮೆರಾಗೆ ಏನೂ ಗೊತ್ತಿಲ್ಲ, ನೀವೇ ಕಲಿಸಬೇಕು ಮೇಡಂ ಅಂದ. ಪರದೆಯ ಮೇಲೆ ಸೀಲಿನ ಫೋಟೋ ಬರುತ್ತದೆ. ಒಳ್ಳೆಯದಾದರೆ ಹಸಿರು ಒತ್ತಬೇಕು, ಕೆಟ್ಟದ್ದಾದರೆ ಕೆಂಪು. ಹೀಗೆ ಸಾವಿರಾರು ಫೋಟೋಗೆ ಹೇಳಿಕೊಟ್ಟರೆ ಆಮೇಲೆ ಅದೇ ತಾನಾಗಿ ಹೇಳುತ್ತದೆ.

ಈ ಕೆಲಸಕ್ಕೆ ಎಲ್ಲರಿಗಿಂತ ಬೇಗ ಕೈ ಕೂರಿಸಿಕೊಂಡವಳು ವಿಜಯ. ನಂದಿದುರ್ಗ ಗಣಿಯ ಹಳೇ ಕಾರ್ಮಿಕರ ಲೈನ್ ಮನೆಯಿಂದ ಬರುತ್ತಿದ್ದಳು. ಗಂಡ ಪೇಂಟರ್, ಅವನಿಗೆ ಕೆಲಸ ಇದ್ದರೆ ಇತ್ತು. ದೊಡ್ಡ ಮಗಳನ್ನು ನರ್ಸಿಂಗಿಗೆ ಸೇರಿಸಿದ್ದಳು. ಆ ಓದು ನಿಂತಿದ್ದದ್ದು ಇವಳ ಒಬ್ಬಳ ಸಂಬಳದ ಮೇಲೆ. ಇವಳು ಕಾಂಟ್ರಾಕ್ಟ್ ಕೆಲಸದವಳು ಬೇರೆ. "ಇದನ್ನ ಕಲ್ತ್‌ಬಿಟ್ರೆ ಪರ್ಮನೆಂಟ್ ಮಾಡ್ತಾರಂತೆ ಅಕ್ಕಾ" ಅಂತ ಟೀ ಬಿಟ್ಟು ಪರದೆಯ ಮುಂದೆ ಕೂರುತ್ತಿದ್ದಳು. ಉಳಿದವರು ಅವಳ ಬೆನ್ನ ಹಿಂದೆ ನಿಂತು ಹೇಳುವುದು, ಅವಳು ಒತ್ತುವುದು.

ಎರಡನೇ ದಿನವೇ ಅನುಮಾನದ ಪೀಸು ಬಂತು. ಫೋಟೋದಲ್ಲಿ ಒಂದು ಗೆರೆ. ಧೂಳೋ ಬಿರುಕೋ ತಿಳಿಯದು. ಫೋಟೋವನ್ನು ಒರೆಸಲಾಗದು, ಬಗ್ಗಿಸಲಾಗದು.

"ಇದಕ್ಕೇನು ಒತ್ಲಿ ಸಾರ್?" ಅಂತ ವಿಜಯ ಕೇಳಿದಳು.

"ಎರಡರಲ್ಲಿ ಒಂದು ಮೇಡಂ. ನಿಮಗೆ ಏನನ್ನಿಸುತ್ತೋ ಅದು" ಅಂದ ಕಾರ್ತಿಕ್.

ಮೂರನೆಯದೊಂದು ಬಟನ್ ಕೊಡಿ ಅಂತ ನಾನು ಕೇಳಿದೆ. ಅವನು ಪಾಪ ಪ್ರದೀಪನನ್ನು ಕೇಳಿ ಬಂದ. ಬೇಡವಂತೆ. ಅನುಮಾನ ಅನ್ನುವುದು ರಿಪೋರ್ಟಿನಲ್ಲಿ ಚೆನ್ನಾಗಿ ಕಾಣುವುದಿಲ್ಲವಂತೆ. ಆಗ ನಮ್ಮ ಹೆಂಗಸರು ಇಷ್ಟು ವರ್ಷದ ಅಭ್ಯಾಸದಂತೆಯೇ ನಡೆದರು. ಫೋಟೋದಲ್ಲಿ ನಂಬರು ಕಾಣುತ್ತಿತ್ತು. "ಇದು ಮುನಿರಾಜಣ್ಣಂದು ಕಣೇ. ಕೆಂಪು ಒತ್ತಿದ್ರೆ ಅವ್ನ ತಲೆ ಮ್ಯಾಲೆ ಬೀಳ್ತದೆ. ಅಸಿರು ಒತ್ತು, ಪೀಸು ಎಂಗೂ ನಮ್ ಕೈಗೆ ಬತ್ತದಲ್ಲ, ಆವಾಗ ಬಗ್ಗಿಸಿ ನೋಡನ" ಅಂದರು. ವಿಜಯ ಹಸಿರು ಒತ್ತಿದಳು. ಆಮೇಲೆ ಅನುಮಾನದ್ದೆಲ್ಲ ಹಸಿರಿಗೇ ಹೋಯಿತು. ಪೀಸು ಇನ್ನು ಮುಂದೆ ಯಾರ ಕೈಗೂ ಬರುವುದಿಲ್ಲ, ಕ್ಯಾಮೆರಾದ ಕೆಳಗಿಂದ ನೇರ ಡಬ್ಬಕ್ಕೆ ಬೀಳುತ್ತದೆ ಅನ್ನುವುದನ್ನು ನಮಗೆ ಯಾರೂ ಹೇಳಿರಲಿಲ್ಲ.

ಕ್ಯಾಮೆರಾ ಬೇಗ ಕಲಿಯಿತು. ಬೆಲ್ಟಿನ ಮೇಲೆ ಸೀಲುಗಳು ಓಡುತ್ತಿದ್ದವು, ಹಸಿರು ದೀಪ ಮಿಣುಕುತ್ತಿತ್ತು. ಉದ್ದನೆಯ ಮೇಜು ಹೋಗಿ ಎರಡು ಸ್ಟೂಲು ಉಳಿದವು, ಒಂದರಲ್ಲಿ ನಾನು, ಇನ್ನೊಂದರಲ್ಲಿ ವಿಜಯ, ಕೆಂಪು ಬಿದ್ದದ್ದನ್ನು ಎಣಿಸಿ ಬರೆಯಲು. ಬಾಕಿಯವರನ್ನು ಮೊದಲು ಪ್ಯಾಕಿಂಗಿಗೆ ಹಾಕಿದರು. ಆಮೇಲೆ ಪ್ಯಾಕಿಂಗಿನಲ್ಲಿ ಕೆಲಸವಿಲ್ಲ ಅಂದರು. ಆಮೇಲೆ ಕಾಂಟ್ರಾಕ್ಟ್ ಮುಗಿಯಿತು ಅಂದರು. ಯಾರ ಕೆಲಸವೂ ಹೋಗುವುದಿಲ್ಲ ಅಂದವನು ಕೈತೊಳೆದುಕೊಂಡ ಬಗೆ ಇದು. ನೀಲಿ ಟ್ರೇಯನ್ನು ಯಾರೋ ಗುಜರಿಗೆ ಹಾಕಿದ್ದರು.

ಕೆಲವು ತಿಂಗಳಾದ ಮೇಲೆ ಬೈಕಿನ ಕಂಪನಿಯಿಂದ ದೂರು ಬಂತು. ನಮ್ಮ ಸೀಲು ಹಾಕಿದ ಎಂಜಿನ್ನುಗಳು ಸೋರುತ್ತಿವೆ. ನಿಜವಾಗಿಯೂ ಸೋರುತ್ತಿದ್ದವು. ಧೂಳಿನ ಗೆರೆಯ ಜೊತೆಯಲ್ಲಿ ಬಿರುಕಿನ ಗೆರೆಯನ್ನೂ ಕ್ಯಾಮೆರಾ ಒಳ್ಳೆಯದು ಅಂತ ಕಲಿತುಬಿಟ್ಟಿತ್ತು. ವಿಜಯಳನ್ನೂ ನನ್ನನ್ನೂ ಎಸಿ ರೂಮಿಗೆ ಕರೆಸಿದರು. ಪ್ರದೀಪ, ಎಚ್‌ಆರ್ ಮೇಡಂ, ತಲೆ ತಗ್ಗಿಸಿಕೊಂಡಿದ್ದ ಕಾರ್ತಿಕ್. ಗೋಡೆಯ ಮೇಲೆ ಒಂದೊಂದೇ ಫೋಟೋ ದೊಡ್ಡದಾಗಿ ಹಾಕಿ, ಇದಕ್ಕೆ ಯಾಕೆ ಹಸಿರು ಒತ್ತಿದ್ದೀರಿ, ಇದಕ್ಕೆ ಯಾಕೆ, ಅಂತ ಕೇಳಿದರು.

ಸುಳ್ಳು ಹೇಳುವ ಬುದ್ಧಿ ಅವಳಿಗಿರಲಿಲ್ಲ. "ಡೌಟ್ ಇತ್ತು ಸಾರ್. ಡೌಟ್‌ಗೆ ಬಟನ್ ಇರ್ಲಿಲ್ಲ" ಅಂದಳು.

"ಡೌಟ್ ಇದ್ರೆ ಕೆಂಪು ಒತ್ತಬೇಕಿತ್ತು" ಅಂದ ಪ್ರದೀಪ.

"ಒತ್ತಿದ್ರೆ ಪ್ರೆಸ್ಸಲ್ಲಿರೋರ ಎಸ್ರು ಕೆಡ್ತದೆ ಸಾರ್. ಸುಮ್ಸುಮ್ನೆ ಎಂಗೆ ಒತ್ಲಿ?"

ಎಚ್‌ಆರ್ ಮೇಡಂ ಇದಕ್ಕೆ ಅಪ್ರಾಮಾಣಿಕತೆ ಅಂತ ಹೆಸರಿಟ್ಟರು. ಪ್ರದೀಪ ಪೆನ್ನಿನ ತುದಿ ಒತ್ತುತ್ತಾ, "ಸಿಸ್ಟಂ ಸರಿಯಾಗೇ ಕಲಿತಿದೆ. ಕಲಿಸಿದವರದು ತಪ್ಪು" ಅಂದ.

ನನಗೆ ತಡೆಯಲಾಗಲಿಲ್ಲ. ಕ್ಯಾಮೆರಾ ಚೆನ್ನಾಗಿ ಓಡಿದಾಗ ಫೋಟೋ ತೆಗೆಸಿಕೊಂಡವರು ಯಾರು, ಈ ಹೆಂಗಸು ನಿಮ್ಮ ಪಕ್ಕದಲ್ಲಿ ನಿಂತಿದ್ದಳಾ ಅಂತ ಕೇಳಿದೆ. ಮೂರನೇ ಬಟನ್ ಬೇಡ ಅಂದವರು ಯಾರು ಅಂತ ಕೇಳಿದೆ. "ತಪ್ಪು ಆಗೈತೆ, ಇಲ್ಲ ಅನ್ನಲ್ಲ. ಆದ್ರೆ ನೀನು ಅರೆಬೆಂದ ಮಾಲು ತಂದು ನಿಂತಾಗ ನಾವು ಕೆಂಪು ಟ್ರೇಗೆ ಹಾಕಿದ್ರೆ ಇವತ್ತು ಈ ಕುರ್ಚಿಯಾಗೆ ಯಾರು ಕೂತಿರ್ತಿದ್ರು ಪ್ರದೀಪಾ?" ಅಂದೆ. ಅಷ್ಟು ವರ್ಷ ಸಾರ್ ಅಂದವಳು ಅವತ್ತು ಹೆಸರು ಹಿಡಿದು ಕರೆದೆ. ಅವನ ಮುಖ ಕೆಂಪಾಯಿತು. "ಅದೇ ಬೇರೆ, ಇದೇ ಬೇರೆ ರತ್ನಮ್ಮನವರೇ" ಅಂದು ನೀರಿನ ಬಾಟಲಿ ಎತ್ತಿಕೊಂಡ.

ಮಾರನೆಯ ದಿನ ವಿಜಯಳ ಗೇಟ್ ಪಾಸ್ ಕೆಲಸ ಮಾಡಲಿಲ್ಲ. ಸೆಕ್ಯೂರಿಟಿಯವನು ಡಬ್ಬಿ ಹಿಡಿದ ಅವಳನ್ನು ಹೊರಗೇ ನಿಲ್ಲಿಸಿದ. ನಾನು ಯೂನಿಯನ್ನಿನವರ ಹತ್ತಿರ ಹೋದೆ. ಕಾಂಟ್ರಾಕ್ಟ್ ಹೆಂಗಸು, ನಮ್ಮ ಕೈಲಿ ಏನಿದೆ ಅಂದರು. ಪ್ರದೀಪನ ರೂಮಿಗೆ ಹೋದೆ, ಮೀಟಿಂಗಿನಲ್ಲಿದ್ದಾರೆ ಅಂದರು. ಮತ್ತೆ ಹೋದೆ, ಮತ್ತೆ ಮೀಟಿಂಗು. ಕ್ಯಾಮೆರಾಗೆ ಮಾತ್ರ ಏನೂ ಆಗಲಿಲ್ಲ. ಅದು ಕಲಿತದ್ದನ್ನೆಲ್ಲ ಅಳಿಸಿ, ಹೊಸದಾಗಿ ಕಲಿಸಲು ಹೊರಗೆ ಯಾರಿಗೋ ಕೊಟ್ಟಿದ್ದೇವೆ ಅಂದರು.

ನನ್ನ ನಿವೃತ್ತಿಯ ದಿನ ಶಾಲು ಹೊದಿಸಿದರು. ರತ್ನಮ್ಮನವರು ಹೊಸ ತಂತ್ರಜ್ಞಾನಕ್ಕೆ ಹೊಂದಿಕೊಂಡ ಮಾದರಿ ಕೆಲಸಗಾರ್ತಿ ಅಂತ ಪ್ರದೀಪ ಮೈಕಿನಲ್ಲಿ ಹೇಳಿದ. ನಾನು ಶಾಲನ್ನು ಕುರ್ಚಿಯ ಮೇಲೆ ಬಿಟ್ಟು ಎದ್ದು ಬಂದೆ. ಮರೆತು ಹೋಗಿದ್ದೇನೆ ಅಂದುಕೊಂಡ ಸೆಕ್ಯೂರಿಟಿಯವನು ಗೇಟಿನ ತನಕ ಓಡಿಬಂದು ಅದನ್ನು ನನ್ನ ಚೀಲಕ್ಕೆ ತುರುಕಿದ. ನೆಟ್ಟಗೆ ಸಿಟ್ಟು ಮಾಡಿಕೊಳ್ಳಲೂ ಬಿಡುವುದಿಲ್ಲ ಈ ಜನ.

ಇತ್ತೀಚೆಗೆ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಮುನಿರಾಜು ಸಿಕ್ಕಿದ. ಸೊಂಟಕ್ಕೆ ಬೆಲ್ಟು ಕಟ್ಟಿಕೊಂಡಿದ್ದ. ಪ್ರೆಸ್ ಬಿಡಿಸಿ ಲೋಡಿಂಗಿಗೆ ಹಾಕಿದ್ದಾರಂತೆ.

"ಕ್ಯಾಮೆರಾ ಈಗ ಪಿಸಾಚಿ ಆಗೋಗೈತಕ್ಕಾ. ಧೂಳು ಕಂಡ್ರೂ ಕೆಂಪು, ಅಂಚಲ್ಲಿ ಚೂರು ರಬ್ಬರ್ ಉಳಿದ್ರೂ ಕೆಂಪು. ಒಂದೂ ವಾಪಸ್ ಬರಲ್ಲ. ವಾರ್ನಿಂಗ್ ಮ್ಯಾಲೆ ವಾರ್ನಿಂಗ್ ಕೊಟ್ಟು ಲಾರಿ ತಾವಕ್ಕೆ ತಳ್ಳಿದ್ರು. ಅದಕ್ಕೆ ಯಾವ ಕಟುಕ ಪಾಠ ಏಳ್ಕೊಟ್ನೋ" ಅಂದ. ಈ ವಯಸ್ಸಿನಲ್ಲಿ ಡಬ್ಬ ಹೊರುವುದಾಗುವುದಿಲ್ಲ ಅಂತ ಅವನೇ ಹೇಳಿಕೊಳ್ಳಬೇಕೇ? ರೈಲಿನ ಮೆಟ್ಟಿಲು ಹತ್ತುವಾಗ ಕಂಬಿ ಹಿಡಿದುಕೊಂಡದ್ದರಲ್ಲೇ ಕಂಡಿತು.

ಅದೇ ತಿಂಗಳು ರಾಬರ್ಟ್‌ಸನ್‌ಪೇಟೆಗೆ ಹೋಗಿದ್ದೆ. ಮಾರ್ಕೆಟಿನ ಹತ್ತಿರ ಮೊಬೈಲ್ ಅಂಗಡಿಯ ಮಹಡಿಯಿಂದ ಯಾರೋ ಅಕ್ಕಾ ಅಂತ ಕೂಗಿದರು. ನೋಡಿದರೆ ವಿಜಯ. ಮೇಲಕ್ಕೆ ಕರೆದುಕೊಂಡು ಹೋದಳು. ಸಣ್ಣ ಆಫೀಸು, ಸಾಲಾಗಿ ಕಂಪ್ಯೂಟರು, ಒಂದೊಂದರ ಮುಂದೆ ಒಬ್ಬೊಬ್ಬ ಹೆಂಗಸು. ಎಲ್ಲರೂ ಫೋಟೋ ನೋಡಿ ನೋಡಿ ಒತ್ತುತ್ತಿದ್ದಾರೆ. ರಸ್ತೆಯ ಗುಂಡಿ, ಕೊಳೆತ ಟೊಮೇಟೊ, ಹಸುವಿನ ಮುಖ, ಏನೇನೋ. ಮಿಷಿನ್ನಿಗೆ ಪಾಠ ಹೇಳುವುದೇ ಇಲ್ಲಿನ ಕೆಲಸ. ಕಾರ್ತಿಕ್ ಅವಳ ಫೋನ್ ನಂಬರನ್ನು ಇವರಿಗೆ ಕೊಟ್ಟಿದ್ದನಂತೆ.

"ಮಗ್ಳು ನರ್ಸಿಂಗ್ ಬಿಡ್ಲಿಲ್ಲ ಅಕ್ಕಾ" ಅಂದಳು. ನನಗೆ ಎಷ್ಟು ಸಂತೋಷವಾಯಿತೆಂದರೆ ಅವಳ ಕೈ ಹಿಡಿದುಕೊಂಡೆ. ಆಗ ಅವಳ ಪರದೆಯ ಮೇಲಿದ್ದ ಫೋಟೋ ಕಣ್ಣಿಗೆ ಬಿತ್ತು. ಕಪ್ಪು ರಬ್ಬರ್ ಸೀಲು. ನಮ್ಮ ಕಾರ್ಖಾನೆಯದೇ.

"ಇದನ್ನ ನೀನು ನೋಡ್ತಿದೀಯಾ?"

"ಎಲ್ಲಾ ಇಲ್ಲಿಗೇ ಬತ್ತದೆ ಅಕ್ಕಾ. ಗೊತ್ತಿರೋಳು ಅಂತ ನಂಗೇ ಆಕ್ತಾರೆ. ಒಳ್ಳೇದನ್ನ ಕೆಟ್ಟದ್ದು ಅಂದ್ರೆ ಯಾರೂ ಕೇಳಲ್ಲ. ಕೆಟ್ಟದ್ದನ್ನ ಒಳ್ಳೇದು ಅಂದ್ರೆ ಅವತ್ತೇ ಐಡಿ ಬಂದ್ ಮಾಡ್ತಾರೆ. ಇಲ್ಲೂ ಡೌಟ್ ಅನ್ನಂಗಿಲ್ಲ."

ಮುನಿರಾಜು ಲಾರಿಗೆ ಡಬ್ಬ ಹೊರುತ್ತಿದ್ದಾನೆ ಅಂತ ಹೇಳಿದೆ. ಅವಳ ಬೆರಳು ಬಟನ್ನಿನ ಮೇಲೇ ನಿಂತಿತು. ಪಕ್ಕದವಳು ಇವಳ ಕಡೆ ನೋಡಿದಳು. ಪರದೆಯ ಮೇಲಿದ್ದ ಪೀಸಿನ ಹೊರ ಅಂಚಿನಲ್ಲಿ ಉಗುರಿನಷ್ಟು ರಬ್ಬರ್ ಉಳಿದಿತ್ತು. ಕತ್ತರಿಸಿದರೆ ಮುಗಿಯಿತು. ಅದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಯಾವ ಪ್ರೆಸ್ಸಿನದು ಅನ್ನುವ ನಂಬರೂ ಕಾಣುತ್ತಿತ್ತು.

"ಮಗ್ಳಿಗೆ ಇನ್ನೊಂದು ವರ್ಸ ಐತಕ್ಕಾ" ಅಂದಳು ವಿಜಯ, ನನ್ನ ಮುಖ ನೋಡದೆ. ಕೆಂಪು ಒತ್ತಿದಳು. ಮುಂದಿನ ಫೋಟೋ ಬಂತು. ಅದಕ್ಕೂ ಕೆಂಪು ಒತ್ತಿದಳು.

ಮೆಟ್ಟಿಲಿಳಿದು ಬಸ್‌ಸ್ಟ್ಯಾಂಡಿನ ತನಕ ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದೆ. ಆಗಲಿಲ್ಲ. ಹಾಗಂತ ಸಿಟ್ಟು ಇಳಿಯಲೂ ಇಲ್ಲ. ಅದು ಯಾರಿಗೆ ಸೇರಬೇಕೋ ಅವರು ಇನ್ನೂ ಮೀಟಿಂಗಿನಲ್ಲಿದ್ದಾರೆ.